ಗೋಡೆಯ ಕಪ್ಪು ಚುಕ್ಕೆ: ಲ್ಯಾಬ್‌ಗೆ ದುಡ್ಡು ಕಟ್ಟುವ ಮೊದಲು

ಮಳೆ ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳೇ ಬೇರೆ. ಬೇಸಿಗೆಯಲ್ಲಿ ಟೈಲ್ಸ್, ಬೋರ್‌ವೆಲ್, ಸೋಲಾರ್ ಅಂತ ಕೇಳುವವರು ಜೂನ್ ದಾಟಿದರೆ ಬೂಷ್ಟು, ಸೀಪೇಜ್, ಮುಗ್ಗಲು ವಾಸನೆ ಅಂತ ಬರೆಯುತ್ತೀರಿ. ಈ ಸಲ ಬಾಡಿಗೆ ಮನೆಯವರ ಪತ್ರಗಳೇ ಜಾಸ್ತಿ. ಹಾಗಾಗಿ ಈ ಕಂತು ಪೂರ್ತಿ ಅವರಿಗೆ. "ಹೆಸರು ಹಾಕಬೇಡಿ, ನಮ್ಮ ಓನರ್ ಈ ಪತ್ರಿಕೆ ಓದುತ್ತಾರೆ" ಎಂದು ಕೆಲವರು ಕೇಳಿಕೊಂಡಿದ್ದಾರೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ಮಂಗಳೂರಿನ ಕದ್ರಿ ಹತ್ತಿರ ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿ ಬಾಡಿಗೆಗಿದ್ದೇವೆ. ಮಗ ಮಲಗುವ ರೂಮಿನಲ್ಲಿ ವಾರ್ಡ್‌ರೋಬ್ ಹಿಂದೆ ಗೋಡೆ ತುಂಬ ಕಪ್ಪು ಚುಕ್ಕೆ ಬಂದಿದೆ. ಅವನಿಗೆ ಐದು ವರ್ಷ, ರಾತ್ರಿ ಕೆಮ್ಮುತ್ತಾನೆ. ಓನರ್ ಹತ್ತಿರ ಹೇಳಿದರೆ "ಮಳೆಗಾಲದಲ್ಲಿ ಎಲ್ಲರ ಮನೆಯಲ್ಲೂ ಇರ್ತದೆ, ಕಿಟಕಿ ತೆಗೆದಿಡಿ" ಅಂತಾರೆ. ಗಾಳಿ ಪರೀಕ್ಷೆ ಮಾಡಿ ರಿಪೋರ್ಟ್ ಕೊಡಲು ಒಬ್ಬರು 12,000 ರೂಪಾಯಿ ಕೇಳಿದ್ದಾರೆ. ಮಾಡಿಸಬೇಕಾ? ಕಪ್ಪು ಬೂಷ್ಟು ವಿಷ ಅಂತಾರಲ್ಲ, ನಿಜವಾ?

ಉತ್ತರ: ಮೊದಲು ಮಗನ ವಿಷಯ. ಇವತ್ತು ರಾತ್ರಿಯಿಂದಲೇ ಅವನನ್ನು ಬೇರೆ ರೂಮಿನಲ್ಲಿ ಮಲಗಿಸಿ. ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಗೋಡೆಯ ಫೋಟೋವನ್ನೂ ತೋರಿಸಿ. ಕೆಮ್ಮಿಗೆ ಹತ್ತು ಕಾರಣ ಇರಬಹುದು, ಯಾವುದು ಅಂತ ಹೇಳಬೇಕಾದವರು ಅವರು. ನಾನು ಗೋಡೆ ನೋಡುವವಳು.

ಇನ್ನು ಲ್ಯಾಬ್. ಬೇಡ. ಆ 12,000 ಕೈಯಲ್ಲೇ ಇರಲಿ, ಗೋಡೆ ರಿಪೇರಿಗೆ ಬೇಕಾಗುತ್ತದೆ.

ಬೂಷ್ಟು ಕಣ್ಣಿಗೆ ಕಾಣುತ್ತಿದೆ, ಮೂಗಿಗೂ ಬರುತ್ತಿದೆ. ಇದೆಯೋ ಇಲ್ಲವೋ ಅಂತ ಕೇಳುವ ಹಂತ ದಾಟಿ ಹೋಗಿದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುವುದೂ ಇದನ್ನೇ: ಕಾಣುವಂತೆ ಬೂಷ್ಟು ಬೆಳೆದಿದ್ದರೆ ಹೆಚ್ಚಿನ ಕಡೆ ಸ್ಯಾಂಪಲ್ ತೆಗೆಯುವ ಅಗತ್ಯವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ದೊಡ್ಡ ಮಾರ್ಗಸೂಚಿ ತಂದಿತು. ಅದರಲ್ಲೂ ಗಾಳಿಯಲ್ಲಿ ಬೂಷ್ಟು ಹರಡುವ ಬೀಜಕಣ ಇಷ್ಟು ಇದ್ದರೆ ಸರಿ, ಇಷ್ಟಾದರೆ ತಪ್ಪು ಎಂಬ ಅಂಕಿ ಇಲ್ಲ. ತೇವ ಇದ್ದರೆ ತೆಗೆಯಿರಿ, ಬೂಷ್ಟು ಇದ್ದರೆ ತೆಗೆಯಿರಿ, ಅಷ್ಟೇ. ಪಾಸ್ ಮಾರ್ಕೇ ಇಲ್ಲದ ಪರೀಕ್ಷೆಗೆ ರಿಸಲ್ಟ್ ಹೇಗೆ ಕೊಡುತ್ತಾರೆ ಅಂತ ಆ 12,000 ಕೇಳಿದವರನ್ನೇ ಕೇಳಿ ನೋಡಿ. ಸರಿಯಾಗಿ ಮಾಡುವವರಾದರೆ ಒಳಗಿನ ಗಾಳಿ, ಹೊರಗಿನ ಗಾಳಿ ಎರಡನ್ನೂ ಒಂದೇ ಹೊತ್ತಿನಲ್ಲಿ ತೆಗೆದು ಹೋಲಿಸುತ್ತಾರೆ. ಜುಲೈ–ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲಿ ನಮ್ಮೂರಿನ ಹೊರಗಿನ ಗಾಳಿಯಲ್ಲಿ ಬೀಜಕಣಕ್ಕೆ ಬರಗಾಲವಾ? ಕೊಳೆತ ಎಲೆ, ಒದ್ದೆ ಮಣ್ಣು, ತೆಂಗಿನ ಮಡಲಿನ ರಾಶಿ, ಎಲ್ಲದರಿಂದಲೂ ಬರುತ್ತದೆ. ಒಳಗೂ ಇದೆ, ಹೊರಗೂ ಇದೆ ಎಂಬ ರಿಪೋರ್ಟ್ ಹಿಡಿದು ನೀವು ಏನು ಮಾಡುತ್ತೀರಿ?

ಕಪ್ಪು ಎಂದರೆ ವಿಷ ಎಂಬ ಮಾತು. ಬಣ್ಣ ನೋಡಿ ಬೂಷ್ಟಿನ ಜಾತಿ ಹೇಳಲು ಆಗುವುದಿಲ್ಲ. ಕ್ಲ್ಯಾಡೋಸ್ಪೋರಿಯಂ ಕಪ್ಪಾಗಿ ಕಾಣುತ್ತದೆ, ಆಸ್ಪರ್ಜಿಲಸ್‌ನಲ್ಲೂ ಕಪ್ಪು ಜಾತಿ ಇದೆ. ಇಂಟರ್ನೆಟ್‌ನಲ್ಲಿ ಹೆದರಿಸುವ ಸ್ಟ್ಯಾಕಿಬೋಟ್ರಿಸ್‌ಗೆ ಕಾಗದ, ಜಿಪ್ಸಂ ಬೋರ್ಡ್, ಮರದಂಥದ್ದು ಬೇಕು, ಅದೂ ಬಹಳ ದಿನ ನೆನೆದೇ ಇರಬೇಕು. ಯಾವ ಜಾತಿಯಾದರೂ ಮಾಡುವ ಕೆಲಸ ಒಂದೇ ಆದ್ದರಿಂದ ಹೆಸರು ಗೊತ್ತಾಗಿ ಲಾಭ ಇಲ್ಲ. ಆಸ್ತಮಾ ಇರುವವರು, ಅಲರ್ಜಿ ಇರುವವರು, ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರು, ಚಿಕ್ಕ ಮಕ್ಕಳು ಯಾವ ಬೂಷ್ಟಿನ ಹತ್ತಿರವೂ ಇರಬಾರದು.

ನೀವು ಹುಡುಕಬೇಕಾದದ್ದು ನೀರನ್ನು. ಅದು ಗೋಡೆಯೊಳಗಿನಿಂದ ಬರುತ್ತಿದೆಯೋ, ರೂಮಿನ ಗಾಳಿಯಿಂದ ಬಂದು ಗೋಡೆಯ ಮೇಲೆ ಕೂರುತ್ತಿದೆಯೋ? ಒಳಗಿನಿಂದ ಬಂದರೆ ರಿಪೇರಿ ಓನರ್ ತಲೆಗೆ. ಗಾಳಿಯಿಂದ ಬಂದರೆ ಅರ್ಧ ಕೆಲಸ ನಿಮ್ಮದೂ ಹೌದು. ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು.

ವಾರ್ಡ್‌ರೋಬನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ. ಟಾರ್ಚನ್ನು ಗೋಡೆಗೆ ನೇರ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಪುಟ್ಟಿ ಉಬ್ಬಿದೆಯಾ, ಪೇಂಟ್ ಗುಳ್ಳೆ ಎದ್ದಿದೆಯಾ, ಮುಟ್ಟಿದರೆ ಬಿಳಿ ಪುಡಿ ಉದುರುತ್ತದೆಯಾ ನೋಡಿ. ಆ ಬಿಳಿ ಪುಡಿ ಬೂಷ್ಟಲ್ಲ, ಉಪ್ಪು. ಸ್ಪ್ರೇ ಬಾಟಲಿಯಿಂದ ನೀರು ಹೊಡೆದರೆ ಉಪ್ಪು ಕರಗಿ ಮಾಯವಾಗುತ್ತದೆ, ಬೂಷ್ಟು ಅಲ್ಲೇ ಇರುತ್ತದೆ. ಉಪ್ಪು ಕಂಡರೆ ನೀರು ಗೋಡೆಯೊಳಗಿನಿಂದ ಹಾದು ಬರುತ್ತಿದೆ ಅಂತಲೇ ಅರ್ಥ. ಪುಟ್ಟಿ ಗಟ್ಟಿಯಾಗಿದ್ದು, ಮೇಲೆ ಮಾತ್ರ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ ಇದ್ದರೆ ಗಾಳಿಯ ತೇವದ ಕಡೆಗೆ ಅನುಮಾನ ಹೋಗಬೇಕು.

ಚುಕ್ಕೆ ಎಲ್ಲಿದೆ ಎಂಬುದೂ ಮುಖ್ಯ. ಸೀಲಿಂಗ್‌ನಲ್ಲಿ ಉರುಟಾದ ಕಲೆ ಬಂದು ಅಂಚು ಕಂದಾಗಿದ್ದರೆ ಮೇಲೆ ಬಾತ್‌ರೂಮ್ ಅಥವಾ ತಾರಸಿ ಇರುತ್ತದೆ. ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಇಳಿದಿದ್ದರೆ ಫ್ರೇಮ್ ಸುತ್ತಲಿನ ಸಿಲಿಕೋನ್ ಬಿಟ್ಟಿದೆ. ಬೀಮಿನ ಕೆಳಗೆ ಗೆರೆ ಎಳೆದ ಹಾಗೆ ಅಡ್ಡಕ್ಕೆ ತೇವ ಇದ್ದರೆ ಕಾಂಕ್ರೀಟ್ ಮತ್ತು ಬ್ಲಾಕ್ ಸೇರುವಲ್ಲಿ ಹೊರಗಿನಿಂದ ಬಿರುಕು. ಗೋಡೆಯ ಬುಡದ ಟೈಲ್ಸ್ ಪಟ್ಟಿ, ಅಂದರೆ ಸ್ಕರ್ಟಿಂಗ್‌ನಿಂದ ಮೇಲಕ್ಕೆ ಒಂದೆರಡು ಅಡಿ ಏರಿದ್ದರೆ ಗೋಡೆಯ ಆಚೆ ಬದಿಗೆ ಬಾತ್‌ರೂಮ್ ಇದೆಯಾ ನೋಡಿ. ಸಾಮಾನ್ಯವಾಗಿ ಇರುತ್ತದೆ.

ಮುಂದಿನ ಪರೀಕ್ಷೆಗೆ ಒಂದು ಅಡಿ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆ ಸಾಕು. ಚುಕ್ಕೆ ಇರುವ ಜಾಗದ ಪಕ್ಕ, ತೇವ ಅನಿಸುವ ಕಡೆ, ಗೋಡೆಯನ್ನು ಒಣಬಟ್ಟೆಯಿಂದ ಒರೆಸಿ ಹಾಳೆಯ ನಾಲ್ಕೂ ಅಂಚಿಗೆ ಅಗಲದ ಟೇಪ್ ಅಂಟಿಸಿ. ಎಲ್ಲೂ ಗಾಳಿ ಆಡಬಾರದು. ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ ಬೆವರಿದ್ದರೆ ನೀರು ಗೋಡೆಯಿಂದ. ಹೊರಮೈ ಒದ್ದೆಯಾಗಿದ್ದರೆ ರೂಮಿನ ಗಾಳಿಯಿಂದ. ಎರಡೂ ಕಡೆ ಒದ್ದೆಯಾಗುವುದೂ ಇದೆ, ನಮ್ಮ ಕರಾವಳಿಯಲ್ಲಿ ಅದೇನೂ ಅಪರೂಪವಲ್ಲ. ಮಳೆ ಬರುವ ದಿನವೇ ಮಾಡಿ. ಟೇಪ್ ತೆಗೆಯುವಾಗ ದಿನಾಂಕ ಕಾಣುವಂತೆ ವಿಡಿಯೋ ಮಾಡಿಕೊಳ್ಳಿ. ಓನರ್ ಹತ್ತಿರ ಮಾತಾಡಲು ಲ್ಯಾಬ್ ರಿಪೋರ್ಟ್‌ಗಿಂತ ಇದೇ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಜೊತೆಗೆ ಒಂದು ಹೈಗ್ರೋಮೀಟರ್ ತೆಗೆದುಕೊಳ್ಳಿ. ತೇವಾಂಶ ಮತ್ತು ಉಷ್ಣಾಂಶ ತೋರಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಡಿಜಿಟಲ್ ಪೆಟ್ಟಿಗೆ, 400–500 ರೂಪಾಯಿಗೆ ಸಿಗುತ್ತದೆ. ತಂದ ತಕ್ಷಣ ಅದು ಹೇಳಿದ್ದನ್ನೆಲ್ಲ ನಂಬಬೇಡಿ. ನೀರಿನ ಬಾಟಲಿಯ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ. ಉಪ್ಪು ಪೂರ್ತಿ ಕರಗಬಾರದು, ಒದ್ದೆ ಮರಳಿನ ಹಾಗಿರಬೇಕು. ಆ ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿಟ್ಟು ಮುಚ್ಚಿ ರಾತ್ರಿಯಿಡೀ ಬಿಡಿ. ಉಪ್ಪು ನೀರು ಮೀಟರಿಗೆ ತಾಗದಂತೆ ನೋಡಿಕೊಳ್ಳಿ. ಹೀಗೆ ಮುಚ್ಚಿಟ್ಟ ಜಾಗದಲ್ಲಿ ತೇವಾಂಶ 75 ಶೇಕಡಾಕ್ಕೆ ಬಂದು ನಿಲ್ಲುತ್ತದೆ, ಅದು ಉಪ್ಪಿನ ಗುಣ. ಬೆಳಿಗ್ಗೆ ನಿಮ್ಮ ಮೀಟರ್ 70 ತೋರಿಸಿದರೆ ಅದು 5 ಕಡಿಮೆ ಹೇಳುತ್ತದೆ ಅಂತ ಹಿಂದೆ ಬರೆದಿಟ್ಟುಕೊಳ್ಳಿ. ಸಾವಿರಾರು ರೂಪಾಯಿಯ ಉಪಕರಣ ತಂದು ಈ ಒಂದು ಕೆಲಸ ಮಾಡದ ಇನ್‌ಸ್ಪೆಕ್ಟರ್‌ಗಳನ್ನು ನಾನು ಕಂಡಿದ್ದೇನೆ.

ಮೀಟರನ್ನು ರೂಮಿನ ನಡುವೆ ಒಂದು ದಿನ, ವಾರ್ಡ್‌ರೋಬ್ ಹಿಂದೆ ಒಂದು ದಿನ ಇಟ್ಟು ಬರೆದುಕೊಳ್ಳಿ. ತೇವಾಂಶ 60ರ ಕೆಳಗಿರಲಿ ಎಂದು ಇಪಿಎ ಹೇಳುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಅದನ್ನು ಓದಿದರೆ ನಗು ಬರುತ್ತದೆ, ಅಲ್ವಾ? ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ನೀವು ನೋಡಬೇಕಾದದ್ದು ವ್ಯತ್ಯಾಸ. ಹಾಲ್‌ನಲ್ಲಿ 78 ಇದ್ದು ವಾರ್ಡ್‌ರೋಬ್ ಹಿಂದೆ 90 ಇದ್ದರೆ ಅಲ್ಲಿ ಗಾಳಿ ನಿಂತಿದೆ, ಇಲ್ಲವೇ ಗೋಡೆ ತಣ್ಣಗಿದೆ. ಗೋಡೆಯ ಮೈಯ ಹತ್ತಿರ ತೇವಾಂಶ 80 ದಾಟಿ ಹಾಗೇ ನಿಂತರೆ ಬೂಷ್ಟಿಗೆ ಅಷ್ಟು ಸಾಕು.

ಗೋಡೆ ತಣ್ಣಗೆ ಯಾಕಾಗುತ್ತದೆ? ಪಕ್ಕದ ರೂಮಿನಲ್ಲಿ ಎಸಿ ಇದೆಯಾ ನೋಡಿ. ನಿಮ್ಮ ಮಗನ ರೂಮಿನ ಗಾಳಿ 28 ಡಿಗ್ರಿ, ತೇವಾಂಶ 85 ಇದ್ದರೆ, 25 ಡಿಗ್ರಿಗೆ ಇಳಿದ ಯಾವ ಮೈ ಮೇಲೂ ನೀರು ಕಟ್ಟುತ್ತದೆ. ಆಚೆ ರೂಮಿನಲ್ಲಿ ರಾತ್ರಿಯಿಡೀ 20ಕ್ಕೆ ಎಸಿ ಹಾಕಿದರೆ ನಡುವಿನ ಗೋಡೆ ಆ ಮಟ್ಟಕ್ಕೆ ಇಳಿಯುತ್ತದೆ. ಎಸಿ ಇರುವ ರೂಮು ಒಣಗಿರುತ್ತದೆ, ಇಲ್ಲದ ರೂಮಿನ ಗೋಡೆ ಬೆವರುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರ ಹಣೆಗೂ ಹಿಡಿಯುತ್ತಿದ್ದ ಥರ್ಮಾಮೀಟರ್ ಗನ್ ಮನೆಯಲ್ಲಿದ್ದರೆ, ಅದರಲ್ಲಿ ಸರ್ಫೇಸ್ ಎಂಬ ಆಯ್ಕೆ ಇದೆಯಾ ನೋಡಿ. ಇದ್ದರೆ ಗೋಡೆಗೆ ಹಿಡಿದು ಉಷ್ಣಾಂಶ ನೋಡಬಹುದು.

ಓನರ್ ಹೇಳಿದ ಕಿಟಕಿ ಮಾತು ಅರ್ಧ ಸರಿ. ಅಡುಗೆ, ಸ್ನಾನ, ಒಳಗೇ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದು, ಇವುಗಳಿಂದ ಒಳಗಿನ ತೇವ ಹೊರಗಿಗಿಂತ ಜಾಸ್ತಿ ಇರುತ್ತದೆ. ಕಿಟಕಿ ತೆಗೆದರೆ ಆ ಹೆಚ್ಚುವರಿ ತೇವ ಹೊರಗೆ ಹೋಗುತ್ತದೆ. ಆದರೆ ಹೊರಗೇ 90 ಇರುವಾಗ ಕಿಟಕಿಯಿಂದ ಗೋಡೆ ಒಣಗುವುದಿಲ್ಲ. ಬಟ್ಟೆಯನ್ನು ಮಗನ ರೂಮಿನಲ್ಲಿ ಒಣಗಲು ಹಾಕಲೇಬೇಡಿ. ಒಂದು ಬಕೆಟ್ ಬಟ್ಟೆ ಒಣಗಿತು ಅಂದರೆ ಒಂದೆರಡು ಲೀಟರ್ ನೀರು ಆ ರೂಮಿನ ಗಾಳಿಗೆ ಸೇರಿತು. ಫ್ಯಾನ್ ಓಡಲಿ, ವಾರ್ಡ್‌ರೋಬ್ ಗೋಡೆಯಿಂದ ನಾಲ್ಕು ಬೆರಳು ದೂರವೇ ಇರಲಿ. ಎಸಿ ಇದ್ದರೆ ಡ್ರೈ ಮೋಡ್‌ಗೆ ಹಾಕಿ. ಕಪಾಟಿನೊಳಗೆ ನೇತುಹಾಕುವ ಬಿಳಿ ಹರಳಿನ ಚೀಲ ಮುಚ್ಚಿದ ಕಪಾಟಿಗೆ ಸರಿ, ರೂಮಿಗೆ ಏನೂ ಮಾಡುವುದಿಲ್ಲ.

ಒರೆಸುವ ಕ್ರಮ: 10 ಚದರ ಅಡಿ ಒಳಗಿನ ಜಾಗವಾದರೆ ನೀವೇ ಮಾಡಬಹುದು. ಮಗನನ್ನು ಹೊರಗೆ ಕಳಿಸಿ, ಎನ್95 ಮಾಸ್ಕ್, ಕೈಗೆ ಗ್ಲೌಸ್ ಹಾಕಿ. ಒಣ ಪೊರಕೆ, ಒಣ ಬ್ರಷ್ ಮುಟ್ಟಿಸಲೇಬೇಡಿ, ಬೀಜಕಣ ಮನೆಯೆಲ್ಲ ಹಾರುತ್ತದೆ. ಮೊದಲು ಸೋಪಿನ ನೀರು ಸ್ಪ್ರೇ ಮಾಡಿ ಒದ್ದೆ ಮಾಡಿ, ಆಮೇಲೆ ಉಜ್ಜಿ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಬ್ಲೀಚ್ ಹಾಕಿದರೆ ಕಲೆ ಬಿಳಿಯಾಗುತ್ತದೆ, ಪುಟ್ಟಿಯೊಳಗೆ ಇಳಿದದ್ದು ಉಳಿಯುತ್ತದೆ. ಬ್ಲೀಚನ್ನು ಬಾತ್‌ರೂಮ್ ಆಸಿಡ್ ಜೊತೆ ಎಂದೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ.

ಹಳೇ ಮನೆಗಳಲ್ಲಿ ವರ್ಷವರ್ಷ ಸುಣ್ಣ ಬಳಿಯುತ್ತಿದ್ದರಲ್ಲ, ಹೊಸ ಸುಣ್ಣದ ಖಾರಕ್ಕೆ ಬೂಷ್ಟು ಹತ್ತುವುದಿಲ್ಲ. ಈಗ ನುಣುಪು ಪುಟ್ಟಿ, ಮೇಲೆ ರಬ್ಬರಿನಂಥ ಪೇಂಟ್. ನೋಡಲು ಚಂದ.

ಪ್ರಶ್ನೆ: ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್. ನಮ್ಮ ಬೆಡ್‌ರೂಮ್ ಸೀಲಿಂಗ್‌ನಿಂದ ಮೇಲಿನ ಮನೆಯ ಬಾತ್‌ರೂಮ್ ನೀರು ಇಳಿಯುತ್ತಿದೆ, ಬೂಷ್ಟು ಬಂದಿದೆ. ಓನರ್ ಎರಡು ಸಲ ಪೇಂಟ್ ಹೊಡೆಸಿದರು, ಮತ್ತೆ ಬಂತು. ಮೇಲಿನವರು "ನಮ್ಮ ಮನೆಯಲ್ಲಿ ಲೀಕೇ ಇಲ್ಲ" ಅಂತಾರೆ. ಬಾಡಿಗೆಯಲ್ಲಿ ಕಟ್ ಮಾಡಬಹುದಾ ಮೇಡಂ?

ಉತ್ತರ: ಒದ್ದೆ ಸೀಲಿಂಗ್‌ಗೆ ಪೇಂಟ್ ಹೊಡೆಸುವುದು ದುಡ್ಡು ಇರುವವರ ಹವ್ಯಾಸ. ಎರಡು ಸಲ ಮಾಡಿದ್ದಾರೆ ಅಂದರೆ ನಿಮ್ಮ ಓನರ್ ಕೆಟ್ಟವರೇನಲ್ಲ, ಖರ್ಚು ಮಾಡಲು ತಯಾರಿದ್ದಾರೆ. ಖರ್ಚು ಎಲ್ಲಿ ಮಾಡಬೇಕು ಅಂತ ತೋರಿಸುವವರು ಬೇಕು.

ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಬಾತ್‌ರೂಮ್ ಸ್ಲ್ಯಾಬನ್ನು ಸುಮಾರು ಒಂದು ಅಡಿ ಕೆಳಗೆ ಇಳಿಸಿ ಹಾಕುತ್ತಾರೆ. ಸಂಕನ್ ಸ್ಲ್ಯಾಬ್ ಅಂತಾರೆ. ಆ ಗುಂಡಿಯಲ್ಲಿ ಪೈಪ್ ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್. ಟೈಲ್ಸ್ ನಡುವಿನ ಗ್ರೌಟ್ ಬಿಟ್ಟರೆ, ನೆಲದ ನೀರು ಹೋಗುವ ತೂತು, ಅಂದರೆ ನಹಾನಿ ಟ್ರ್ಯಾಪ್ ಸುತ್ತ ಬಿರುಕು ಬಿಟ್ಟರೆ, ನೀರು ಆ ಗುಂಡಿಗೆ ಇಳಿದು ನಿಲ್ಲುತ್ತದೆ. ನಿಧಾನಕ್ಕೆ ಕೆಳಗಿನ ಮನೆಗೆ ಬರುತ್ತದೆ. ಮೇಲಿನವರಿಗೆ ಒಂದು ಹನಿಯೂ ಕಾಣುವುದಿಲ್ಲ, ಅವರು ಸುಳ್ಳು ಹೇಳುತ್ತಿಲ್ಲ.

ಅಸೋಸಿಯೇಷನ್‌ನವರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿ. ಮೇಲಿನ ಬಾತ್‌ರೂಮ್‌ನ ನಹಾನಿ ಟ್ರ್ಯಾಪ್‌ಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಬೆರಳು ನೀರು ನಿಲ್ಲಿಸಿ, ಅದಕ್ಕೆ ಗಾಢ ಅಡುಗೆ ಬಣ್ಣ ಕದಡಿ ಒಂದು ದಿನ ಬಿಡಲಿ. ಆ ದಿನ ಅವರು ಬೇರೆ ಬಾತ್‌ರೂಮ್ ಬಳಸಲಿ. ಕೆಳಗೆ ಬಣ್ಣದ ನೀರು ಬಂದರೆ ವಾದ ಮುಗಿಯಿತು. ಇಟ್ಟಿಗೆ ಚೂರಿನಲ್ಲಿ ಇಳಿಯುವಾಗ ಬಣ್ಣ ಸೋಸಿ ಹೋಗುವುದೂ ಉಂಟು, ಬಣ್ಣ ಬರಲಿಲ್ಲ ಅಂತ ಬಿಡಬೇಡಿ. ಕಲೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ದಿನಾಂಕ ಬರೆದಿಡಿ. ನೀರು ನಿಲ್ಲಿಸಿದ ಮೇಲೆ ಕಲೆ ಗೆರೆ ದಾಟಿತಾ ನೋಡಿ. ನೆಲದಲ್ಲಿ ಏನೂ ಸಿಗದಿದ್ದರೆ ಪೈಪ್ ಲೈನ್ ಕಡೆ ಹೋಗಬೇಕು: ಆ ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿದ ಮೇಲೂ ನೀರಿನ ಮೀಟರ್ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ.

ಕಟ್ಟಡಕ್ಕೆ ಎಷ್ಟು ವರ್ಷ? ಓನರ್ ಕೈಗೆ ಫ್ಲ್ಯಾಟ್ ಬಂದು ಐದು ವರ್ಷ ಆಗಿಲ್ಲದಿದ್ದರೆ ರಿಯಲ್ ಎಸ್ಟೇಟ್ ಕಾಯ್ದೆ ರೇರಾದ 14(3)ನೇ ಸೆಕ್ಷನ್ ಅವರಿಗೆ ತೋರಿಸಿ. ಕಟ್ಟಿದ್ದರಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಇದ್ದರೆ ಬಿಲ್ಡರ್ 30 ದಿನದೊಳಗೆ ಪುಕ್ಕಟೆ ಸರಿಮಾಡಿಕೊಡಬೇಕು. ಅದನ್ನು ಕೇಳುವ ಹಕ್ಕು ಓನರ್‌ಗೆ ಇದೆ, ಬಾಡಿಗೆದಾರರಿಗೆ ಅಲ್ಲ. ಎಷ್ಟೋ ಓನರ್‌ಗಳಿಗೆ ಇದು ಗೊತ್ತೇ ಇರುವುದಿಲ್ಲ.

ಬಾಡಿಗೆ ಕಟ್ ಮಾಡುವ ವಿಷಯ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಓನರ್ ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟು ಸಾಕಷ್ಟು ಸಮಯ ಕಳೆದರೂ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಬಹುದು. ಆದರೆ ಕರಾರಿನಲ್ಲಿ ಬೇರೆ ಏನಾದರೂ ಬರೆದಿದ್ದರೆ ಅದೇ ಮುಂದೆ ನಿಲ್ಲುತ್ತದೆ. ನಿಮ್ಮ 11 ತಿಂಗಳ ಅಗ್ರಿಮೆಂಟ್‌ನಲ್ಲಿ ರಿಪೇರಿ ಯಾರದ್ದು ಅಂತ ಬರೆದಿದೆ, ಮೊದಲು ಓದಿ. ನಿಮ್ಮ ಕೇಸಿನಲ್ಲಿ ರಿಪೇರಿ ಆಗಬೇಕಾದದ್ದು ಮೇಲಿನವರ ಬಾತ್‌ರೂಮ್‌ನಲ್ಲಿ. ಅಲ್ಲಿ ನೀವು ಹೋಗಿ ಟೈಲ್ಸ್ ಒಡೆಸಲು ಆಗುತ್ತದಾ? ವಕೀಲರನ್ನು ಕೇಳದೆ ಬಾಡಿಗೆ ನಿಲ್ಲಿಸಬೇಡಿ. ಈಗಲೇ ಮಾಡಬೇಕಾದದ್ದು, ದೂರನ್ನು ಬಾಯಿಮಾತಿನಲ್ಲಿ ಬಿಡದೆ ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಫೋಟೋ ಸಮೇತ ಕಳಿಸುವುದು. ಮನೆ ಬಿಡುವಾಗ ಪೇಂಟಿಂಗ್ ಚಾರ್ಜ್ ಅಂತ ಡೆಪಾಸಿಟ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರಲ್ಲ, ಆಗಲೂ ಈ ಫೋಟೋಗಳು ಬೇಕು.

ಇಂಗ್ಲೆಂಡ್‌ನಲ್ಲಿ ಈ ವಿಷಯಕ್ಕೆ ಕಾನೂನೇ ಬಂದಿದೆ. ರಾಚ್‌ಡೇಲ್ ಊರಿನ ಬಾಡಿಗೆ ಫ್ಲ್ಯಾಟ್‌ನಲ್ಲಿ ಆವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಮನೆಯ ಬೂಷ್ಟಿನಲ್ಲಿ ಬಹಳ ಕಾಲ ಇದ್ದದ್ದೇ ಉಸಿರಾಟದ ಕಾಯಿಲೆಗೆ ಕಾರಣ ಎಂದು 2022ರ ವಿಚಾರಣೆಯಲ್ಲಿ ತೀರ್ಮಾನವಾಯಿತು. ತಂದೆ ತಾಯಿ ಮೊದಲಿನಿಂದ ದೂರು ಕೊಡುತ್ತಲೇ ಇದ್ದರು. ಅವರಿಗೆ ಸಿಕ್ಕಿದ ಉತ್ತರಗಳಲ್ಲಿ ಒಂದು, ಪೇಂಟ್ ಹೊಡೆಯಿರಿ. ಈಗ ಅಲ್ಲಿ ಸಾರ್ವಜನಿಕ ವಸತಿ ಮನೆಗಳಲ್ಲಿ ಬೂಷ್ಟಿನ ದೂರು ಬಂದರೆ ಇಂತಿಷ್ಟು ದಿನದೊಳಗೆ ನೋಡಲೇಬೇಕು. ಆ ನಿಯಮಕ್ಕೆ ಮಗುವಿನ ಹೆಸರನ್ನೇ ಇಟ್ಟಿದ್ದಾರೆ.

ಪ್ರಶ್ನೆ: ವೈಟ್‌ಫೀಲ್ಡ್‌ನಲ್ಲಿ ಹೊಸ ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದೇವೆ. ಇಂಟೀರಿಯರ್ ಎಲ್ಲ ಹೊಸದು, ಕಪಾಟು ತೆಗೆದರೆ ಕಣ್ಣು ಉರಿಯುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಏರ್ ಕ್ವಾಲಿಟಿ ಮೀಟರ್ ಫಾರ್ಮಾಲ್ಡಿಹೈಡ್ ಎಂಬ ಗ್ಯಾಸ್ ಜಾಸ್ತಿ ಇದೆ ಅಂತ ಕೆಂಪು ತೋರಿಸುತ್ತಿದೆ. ಬೆಳಿಗ್ಗೆ ಎದ್ದರೆ ತಲೆನೋವು ಬೇರೆ.

ಉತ್ತರ: ನಿಮ್ಮ ಕಣ್ಣನ್ನು ನಂಬಿ, ಮೀಟರನ್ನು ಅಷ್ಟು ನಂಬಬೇಡಿ. ಕಡಿಮೆ ಬೆಲೆಯ ಮೀಟರ್‌ಗೆ ಫಾರ್ಮಾಲ್ಡಿಹೈಡ್ ಯಾವುದು, ಸ್ಯಾನಿಟೈಸರ್ ಯಾವುದು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಬೇಕಿದ್ದರೆ ಮೀಟರ್ ಹತ್ತಿರ ಕೈಗೆ ಸ್ಯಾನಿಟೈಸರ್ ಹಚ್ಚಿ ನೋಡಿ, ಅದಕ್ಕೂ ಕೆಂಪಾಗಬಹುದು. ಗಾಳಿಯನ್ನು ಟ್ಯೂಬಿನಲ್ಲಿ ಹಿಡಿದು ಲ್ಯಾಬ್‌ಗೆ ಕಳಿಸಿ ಅಳೆಯುವುದೇ ಸರಿಯಾದ ಕ್ರಮ. ಬೂಷ್ಟಿಗೆ ಇಲ್ಲದ ಪಾಸ್ ಮಾರ್ಕ್ ಇದಕ್ಕೆ ಇದೆ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅರ್ಧ ಗಂಟೆಯ ಸರಾಸರಿ ಒಂದು ಘನ ಮೀಟರ್ ಗಾಳಿಗೆ 0.1 ಮಿಲಿಗ್ರಾಂ ದಾಟಬಾರದು. ಹಾಗಾಗಿ ಇಲ್ಲಿ ಲ್ಯಾಬ್ ಪರೀಕ್ಷೆಗೆ ಅರ್ಥ ಇದೆ. ಮಾಡಿಸುವುದಾದರೆ ಹಿಂದಿನ ರಾತ್ರಿಯಿಂದ ಕಿಟಕಿ ಮುಚ್ಚಿಟ್ಟು, ನೀವು ದಿನಾ ಇರುವ ಹಾಗೆಯೇ ಇದ್ದು ಮಾಡಿಸಿ.

ಈ ಫಾರ್ಮಾಲ್ಡಿಹೈಡ್ ಬರುವುದು ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಅಂಟಿನಿಂದ. ಸೆಕೆ ಮತ್ತು ತೇವ ಹೆಚ್ಚಾದಷ್ಟೂ ಜಾಸ್ತಿ ಬಿಡುತ್ತದೆ. ಕಪಾಟಿನ ಒಳಗೆ, ಡ್ರಾಯರ್ ಹಿಂದೆ, ಸಿಂಕ್ ಕೆಳಗೆ ಲ್ಯಾಮಿನೇಟ್ ಹಚ್ಚದೆ ಬಿಟ್ಟ ಬೋರ್ಡ್ ಅಂಚು ಕೈಗೆ ಸಿಗುತ್ತದೆ, ಮುಟ್ಟಿ ನೋಡಿ. ಆ ಅಂಚುಗಳನ್ನು ಸೀಲ್ ಮಾಡಿಸಲು ಓನರನ್ನು ಕೇಳಿ, ಅದು ದೊಡ್ಡ ಖರ್ಚಲ್ಲ. ಹಗಲು ಕಪಾಟಿನ ಬಾಗಿಲು, ಕಿಟಕಿ ಎಲ್ಲ ತೆಗೆದು ಫ್ಯಾನ್ ಹಾಕಿಡಿ. ಬೆಂಗಳೂರಿನ ಹವೆಗೆ ಅದು ಸಾಧ್ಯ, ನಮ್ಮ ಕರಾವಳಿಯವರಿಗೆ ಆ ಪುಣ್ಯ ಇಲ್ಲ. ತಿಂಗಳು ಕಳೆದಂತೆ ಕಡಿಮೆಯಾಗುತ್ತಾ ಹೋಗುತ್ತದೆ.

ಬೆಳಗಿನ ತಲೆನೋವಿಗೆ ಇನ್ನೊಂದು ಅನುಮಾನ. ಎಸಿ ಹಾಕಿ ಬಾಗಿಲು ಮುಚ್ಚಿ ಮಲಗುತ್ತೀರಾ? ಸ್ಪ್ಲಿಟ್ ಎಸಿ ಹೊರಗಿನ ಗಾಳಿ ಒಳಗೆ ತರುವುದಿಲ್ಲ, ಒಳಗಿನದನ್ನೇ ಸುತ್ತಿಸುತ್ತದೆ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಹತ್ತು ಲಕ್ಷದಲ್ಲಿ 420 ಪಾಲು) ಇದ್ದರೆ, ಇಬ್ಬರು ಮಲಗಿದ ಮುಚ್ಚಿದ ರೂಮಿನಲ್ಲಿ ಬೆಳಗಾಗುವಾಗ 2,000 ದಾಟುವುದು ಸಾಮಾನ್ಯ. ಕಿಟಕಿ ಎರಡು ಬೆರಳು ತೆರೆದಿಟ್ಟು ಮಲಗಿ ನೋಡಿ. ತಲೆನೋವು ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮೈಸೂರಿನ ಪಿಜಿಯಲ್ಲಿದ್ದೇನೆ. ಬೂಷ್ಟು ಪರೀಕ್ಷೆ ಕಿಟ್ ತರಿಸಿ, ತಟ್ಟೆ ತೆರೆದಿಟ್ಟೆ. ನಾಲ್ಕು ದಿನದಲ್ಲಿ ಹಸಿರು, ಬಿಳಿ, ಕಪ್ಪು ಎಲ್ಲ ಬೆಳೆದಿದೆ. ರೂಮ್ ಬದಲಿಸಬೇಕಾ?

ಉತ್ತರ: ಆ ತಟ್ಟೆಯನ್ನು ಅರಮನೆಯಲ್ಲಿ ಇಟ್ಟರೂ ಬೆಳೆಯುತ್ತದೆ. ಬೀಜಕಣ ಇಲ್ಲದ ಗಾಳಿಯೇ ಇಲ್ಲ, ಅದಕ್ಕೆ ಊಟ ಇಟ್ಟು ಕರೆದರೆ ಬಂದೇ ಬರುತ್ತದೆ. ತಟ್ಟೆಯನ್ನು ಬಾಯಿ ಕಟ್ಟಿ ಕಸಕ್ಕೆ ಹಾಕಿ, ತೆರೆದು ಮೂಸಬೇಡಿ. ಗೋಡೆಯಲ್ಲಿ ಏನೂ ಇಲ್ಲ, ವಾಸನೆ ಇಲ್ಲ ಅಂದರೆ ರೂಮ್ ಬದಲಿಸುವುದು ಬೇಡ. ಹಾಸಿಗೆ ಎತ್ತಿ ತಳ ನೋಡಿ, ಅಷ್ಟು ಸಾಕು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ರಸ್ತೆ ಬದಿಯ ಬಾಡಿಗೆ ಮನೆ. ಧೂಳಿಗೆ ಅಂತ ಏರ್ ಪ್ಯೂರಿಫೈಯರ್ ತಂದೆವು. ಹಗಲು 40–50 ತೋರಿಸುವ ಪಿಎಂ 2.5 (ಗಾಳಿಯ ಅತಿ ಸಣ್ಣ ಕಣಗಳ ಲೆಕ್ಕ) ಸಂಜೆ ಏಳಕ್ಕೆ 300 ದಾಟುತ್ತದೆ. ಕಿಟಕಿ ಎಲ್ಲ ಮುಚ್ಚಿರುತ್ತೇವೆ. ಮಷಿನ್ ಕೆಟ್ಟಿದೆಯಾ?

ಉತ್ತರ: ಮಷಿನ್ ಸರಿ ಇದೆ. ಸಂಜೆ ಏಳಕ್ಕೆ ದೀಪ ಹಚ್ಚಿ, ಊದುಬತ್ತಿ ಹಚ್ಚಿ, ಸೊಳ್ಳೆಗೆ ಅಂತ ಕಿಟಕಿ ಮುಚ್ಚಿ ಕಾಯಿಲ್ ಹಚ್ಚುತ್ತೀರಿ, ಅಲ್ವಾ? 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಒಂದು ಸೊಳ್ಳೆ ಕಾಯಿಲ್ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು ಲೆಕ್ಕ ಸಿಕ್ಕಿತ್ತು. ನಮ್ಮ ದೇಶದ ಮಿತಿ, 24 ಗಂಟೆಯ ಸರಾಸರಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 15ಕ್ಕೆ ಇಳಿಸಿದೆ. ದೇವರಿಗೆ ಒಂದು ಬತ್ತಿ ಸಾಕು, ಹಚ್ಚುವಾಗ ಕಿಟಕಿ ತೆಗೆದಿರಲಿ. ಕಾಯಿಲ್ ಬಿಟ್ಟು ಸೊಳ್ಳೆ ಪರದೆ ಕಟ್ಟಿ. ಒಂದು ವಾರ ಹೀಗೆ ಮಾಡಿ ಮಷಿನ್ ನೋಡಿ. ಓಝೋನ್ ಬಿಡುವ ಮಷಿನ್ ಮಾತ್ರ ಯಾರು ಹೇಳಿದರೂ ತರಬೇಡಿ, ಅದು ಶ್ವಾಸಕೋಶಕ್ಕೇ ಕೆಡುಕು.

ಪ್ರಶ್ನೆ: ಶಿವಮೊಗ್ಗಕ್ಕೆ ವರ್ಗ ಆಗಿದೆ. ಬಾಡಿಗೆ ಮನೆ ನೋಡುತ್ತಿದ್ದೇವೆ. ಅಡ್ವಾನ್ಸ್ ಕೊಡುವ ಮೊದಲು ಏನು ನೋಡಬೇಕು?

ಉತ್ತರ: ಒಂದೇ ಗೋಡೆಗೆ ಹೊಸ ಪೇಂಟ್ ಹೊಡೆದಿದ್ದರೆ ಆ ಗೋಡೆಯ ಹತ್ತಿರವೇ ಜಾಸ್ತಿ ಹೊತ್ತು ನಿಲ್ಲಿ. ಕೈಬೆರಳಿನ ಗಿಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಬಿಟ್ಟಿದೆ. ಕಪಾಟು, ಅಟ್ಟ, ಸಿಂಕ್ ಕೆಳಗಿನ ಬಾಗಿಲು ತೆಗೆದು ಮೂಗು ಒಳಗಿಡಿ. ಮನೆ ಪೂರ್ತಿ ಊದುಬತ್ತಿ ಅಥವಾ ರೂಮ್ ಫ್ರೆಶ್ನರ್ ವಾಸನೆ ಇದ್ದರೆ ಇನ್ನೊಂದು ದಿನ ಹೇಳದೆ ಬನ್ನಿ, ಮಳೆ ಬಂದ ಮರುದಿನ ಬಂದರೆ ಇನ್ನೂ ಒಳ್ಳೆಯದು. ಮೇಲೆ ತಾರಸಿ ಇದ್ದರೆ ಹತ್ತಿ ನೋಡಿ, ನೀರು ನಿಂತ ಗುರುತು ಇದೆಯಾ, ಔಟ್‌ಲೆಟ್‌ನಲ್ಲಿ ಕಸ ಕಟ್ಟಿದೆಯಾ ಅಂತ. ಬಾತ್‌ರೂಮ್‌ನಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೆ ಸ್ವಿಚ್ ಹಾಕಿ ಒಂದು ಟಿಶ್ಯೂ ಹಿಡಿಯಿರಿ, ಅಂಟಿಕೊಳ್ಳಬೇಕು. ಬೀಗ ಕೈಗೆ ಬಂದ ದಿನ ಸಾಮಾನು ಇಳಿಸುವ ಮೊದಲೇ ಎಲ್ಲ ಗೋಡೆಯ ವಿಡಿಯೋ ಮಾಡಿ ಓನರ್‌ಗೆ ಕಳಿಸಿ. ಆಮೇಲೆ ಕೆಳಗೆ ಇಳಿದು, ಹಿಂದೆ ಇದ್ದವರು ಯಾವ ತಿಂಗಳಲ್ಲಿ ಮನೆ ಬಿಟ್ಟರು ಅಂತ ವಾಚ್‌ಮ್ಯಾನನ್ನು ಸುಮ್ನೆ ಮಾತಿಗೆ ಕೇಳಿ. ಆಗಸ್ಟ್ ಅಂದರೆ ಯಾಕೆ ಅಂತಲೂ ಕೇಳಿ.